ರಾತ್ರಿಯಿಡೀ ಆಟ ನೋಡುವವನಿಗೆ ಒಂದು ಬಿಲ್ ಬರೆಯಲು ಯಾಕೆ ಆಗುವುದಿಲ್ಲ?

(ಉಡುಪಿಯಲ್ಲಿ ಓದುವ ಗೆಳೆಯರು ಕರೆದಾಗ ಎಡಿಎಚ್‌ಡಿ ಬಗ್ಗೆ, ಅಂದರೆ ಗಮನವನ್ನು ಬೇಕಾದ ಕಡೆ ನಿಲ್ಲಿಸಲಾಗದ ಮಿದುಳಿನ ತೊಂದರೆಯ ಬಗ್ಗೆ, ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ದಾರಿ ತಪ್ಪಿದ ಕಡೆ ಸ್ವಲ್ಪ ಸರಿ ಮಾಡಿದ್ದೇನೆ, ಎಲ್ಲ ಕಡೆ ಅಲ್ಲ.)

ನಮಸ್ಕಾರ. ಈ ಕಾರ್ಯಕ್ರಮ ಇರುವುದು ಸಂಜೆ ಐದಕ್ಕೆ. ನಾನು ಸರ್ವಿಸ್ ಬಸ್ ನಿಲ್ದಾಣದಲ್ಲಿ ಇಳಿದದ್ದು ಮಧ್ಯಾಹ್ನ ಎರಡಕ್ಕೆ. ಮೂರು ಗಂಟೆ ಎಂತ ಮಾಡಿದೆ ಅಂತ ಕೇಳಿದರೆ, ರಥಬೀದಿಗೆ ಎರಡು ಸುತ್ತು ಹಾಕಿದೆ, ಒಂದು ಹೋಟೆಲಿನಲ್ಲಿ ಗೋಳಿಬಜೆ ತಿಂದೆ, ಇನ್ನೊಂದರಲ್ಲಿ ಚಾ ಕುಡಿದೆ. ಬೆಳಗ್ಗೆ ಪ್ರೆಸ್ಸಿನಲ್ಲಿ ಒಂದು ಕೆಲಸವನ್ನೂ ಮುಟ್ಟಲಿಲ್ಲ. ಸಂಜೆ ಎಲ್ಲಿಗೋ ಹೋಗಲಿಕ್ಕಿದೆ ಅಂದರೆ ನನಗೆ ಆ ಇಡೀ ದಿನ ಹೋಯಿತು ಅಂತಲೇ ಲೆಕ್ಕ. ಒಂದು ಕೆಲಸಕ್ಕೆ ಕೈ ಹಾಕಿದರೆ ಅದರೊಳಗೆ ಮುಳುಗಿ ಐದು ಗಂಟೆಯನ್ನೇ ಮರೆತುಬಿಡುತ್ತೇನೋ ಎಂಬ ಹೆದರಿಕೆ. ಹಾಗಾಗಿ ಕೈಯೇ ಹಾಕುವುದಿಲ್ಲ. ನೋಡುವವರಿಗೆ ಇದು ಭಾರಿ ಶಿಸ್ತು. ಇಲ್ಲಿನವರೊಬ್ಬರು, "ಎಷ್ಟು ಬೇಗ ಬಂದಿದ್ದೀರಿ ಮಾರಾಯ್ರೆ, ನಿಮ್ಮಂಥವರು ಅಪರೂಪ" ಅಂದರು. ಹೋದ ವಾರ ಇದೇ ನಾನು ಹೆಂಡತಿಯ ಸೋದರಮಾವನ ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಬಾಳೆಲೆ ತೆಗೆದ ಮೇಲೆ ಹೋಗಿ ಮುಟ್ಟಿದ್ದೆ. ಅಲ್ಲಿ ಸಿಕ್ಕಿದ ಬಿರುದು ಬೇರೆ.

ಎರಡೂ ಒಂದೇ ಮಂಡೆಯ ಕೆಲಸ.

ನಾನು ಡಾಕ್ಟರಲ್ಲ, ಮೊದಲೇ ಹೇಳಿಬಿಡುತ್ತೇನೆ. ಮಂಗಳೂರಿನ ಬಂದರಿನ ಹತ್ತಿರ ಒಂದು ಅಡ್ಡರಸ್ತೆಯಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಮದುವೆ ಕಾಗದ, ಬಿಲ್ ಬುಕ್ಕು, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್, ಇಂಥವು. 43ನೇ ವಯಸ್ಸಿನಲ್ಲಿ ಒಬ್ಬ ಮನೋವೈದ್ಯರು ನನಗೆ ಎಡಿಎಚ್‌ಡಿ ಇದೆ ಅಂದರು. ಅದಕ್ಕಿಂತ ಮೊದಲು ನನಗೆ ಬೇರೆ ಹೆಸರುಗಳಿದ್ದವು. ಶಾಲೆಯಲ್ಲಿ ಉದಾಸೀನದವನು. ಮನೆಯಲ್ಲಿ ಮಂಡೆ ಇಲ್ಲದವನು. ನೆಂಟರ ನಡುವೆ ಸೊಕ್ಕಿನವನು. ನಾಲ್ಕು ಜನ ಸೇರಿದಲ್ಲಿ ಅಧಿಕಪ್ರಸಂಗಿ. ಗಿರಾಕಿಗಳಿಗೆ ಸುಳ್ಳುಗಾರ. ಒಬ್ಬನೇ ಮನುಷ್ಯನಿಗೆ ಇಷ್ಟು ಬಿರುದು ಇದ್ದರೆ ಒಂದು ಒಡ್ಡೋಲಗವನ್ನೇ ಕೊಡಬಹುದು.

ಉದಾಸೀನ ಎಂಬ ಶಬ್ದ ನೋಡಿ. ಘಟ್ಟದ ಮೇಲಿನವರು ಲಕ್ಷ್ಯ ಇಲ್ಲ ಎಂಬ ಅರ್ಥದಲ್ಲಿ ಹೇಳುತ್ತಾರೆ. ನಮ್ಮಲ್ಲಿ ಸೋಮಾರಿತನಕ್ಕೇ ಉದಾಸೀನ ಅನ್ನುವುದು. ಏಳ್ಲಿಕ್ಕೆ ಉದಾಸೀನ, ಬರೀಲಿಕ್ಕೆ ಉದಾಸೀನ. ಏಳನೇ ಕ್ಲಾಸಿನ ಪ್ರಗತಿಪತ್ರದಲ್ಲಿ ಮಾಸ್ಟ್ರು ನನ್ನ ಬಗ್ಗೆ ಬರೆದದ್ದು ಒಂದೇ ಸಾಲು: ಬುದ್ಧಿ ಇದೆ, ಉದಾಸೀನ ಜಾಸ್ತಿ. ನಾನು ಮಾಸ್ಟ್ರ ಮೇಲೆ ದೂರು ಹೇಳುತ್ತಿಲ್ಲ. ಅವರು ಕಂಡದ್ದನ್ನು ಬರೆದರು. ಲೆಕ್ಕವನ್ನು ಬಾಯಲ್ಲಿ ಕೇಳಿದರೆ ತಕ್ಷಣ ಹೇಳುತ್ತಿದ್ದೆ, ಅದೇ ಲೆಕ್ಕವನ್ನು ಮನೆಯಲ್ಲಿ ಮಾಡಿಕೊಂಡು ಬಾ ಅಂದರೆ ಪುಸ್ತಕ ಖಾಲಿ. ಗೊತ್ತಿಲ್ಲದವನು ಮಾಡದಿದ್ದರೆ ದಡ್ಡ. ಗೊತ್ತಿದ್ದವನು ಮಾಡದಿದ್ದರೆ ಉದಾಸೀನ. ಮೂರನೆಯದು ಒಂದು ಇರಬಹುದು ಅಂತ ಯಾರಿಗೆ ಹೊಳೆಯಬೇಕು?

ನಮ್ಮ ಅಪ್ಪನ ವಾದ ಇನ್ನೂ ಗಟ್ಟಿ. ಊರಿನ ಗದ್ದೆಯಲ್ಲಿ ಆಟ ಇದ್ದರೆ ಚೆಂಡೆ ಕೇಳಿದಲ್ಲಿಂದ ಬೆಳಗ್ಗೆ ಮಂಗಳ ಹಾಡುವವರೆಗೆ ನಾನು ರೆಪ್ಪೆ ಮುಚ್ಚುತ್ತಿರಲಿಲ್ಲ. ಉಳಿದ ಮಕ್ಕಳು ಚಾಪೆಯ ಮೇಲೆ ಉರುಳಿಕೊಂಡು ನಿದ್ದೆ. ಮರುದಿನ ಯಾರ ಅರ್ಥ ಹೇಗಿತ್ತು, ಭಾಗವತರು ಯಾವ ಪದ್ಯ ಬಿಟ್ಟರು, ಎರಡನೇ ವೇಷದವರು ಎಲ್ಲಿ ತಡವರಿಸಿದರು, ಎಲ್ಲ ಹೇಳುತ್ತಿದ್ದೆ. ಆಗ ಅಪ್ಪ ಕೇಳುತ್ತಿದ್ದರು: "ರಾತ್ರಿಯಿಡೀ ಆಟ ನೋಡ್ಲಿಕ್ಕೆ ಆಗ್ತದೆ, ಅರ್ಧ ಗಂಟೆ ಕೂತು ಲೆಕ್ಕ ಮಾಡ್ಲಿಕ್ಕೆ ಆಗುದಿಲ್ಲ ಅಲ್ವಾ?" ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಲವತ್ತು ದಾಟುವವರೆಗೂ ಇರಲಿಲ್ಲ. ಅಪ್ಪ ಕೇಳುವುದು ನಿಲ್ಲಿಸಿದ ಮೇಲೆ ನಾನೇ ಕೇಳಿಕೊಂಡು, ಅದೇ ತೀರ್ಮಾನಕ್ಕೆ ಬರುತ್ತಿದ್ದೆ.

ಎಡಿಎಚ್‌ಡಿಯ ಪೂರ್ತಿ ಹೆಸರಿನಲ್ಲಿ (ಅಟೆನ್ಶನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್) ಗಮನದ ಕೊರತೆ ಅಂತ ಉಂಟು. ನನ್ನ ಪ್ರಕಾರ ಆ ಹೆಸರೇ ಸ್ವಲ್ಪ ತಪ್ಪು. ಗಮನ ಕಡಿಮೆ ಇಲ್ಲ, ಅದನ್ನು ಬೇಕಾದ ಕಡೆ ಕಟ್ಟುವ ಹಗ್ಗ ಸಡಿಲ. ಹಣೆಯ ಹಿಂದೆ ಇರುವ ಮಿದುಳಿನ ಮುಂಭಾಗಕ್ಕೆ ಕೆಲವು ಕೆಲಸ ಇದೆ. ಯಾವುದು ಮೊದಲು, ಯಾವುದು ಆಮೇಲೆ. ಈಗ ಶುರು ಮಾಡು, ಈಗ ನಿಲ್ಲಿಸು, ಬಾಯಿಗೆ ಬಂದದ್ದನ್ನು ತಡೆ. ಈ ಕೆಲಸಕ್ಕೆ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಕು, ನಮ್ಮಂಥವರಲ್ಲಿ ಅವುಗಳ ವ್ಯವಹಾರ ಸ್ವಲ್ಪ ಬೇರೆ. ಚೆಂಡೆ, ಕಿರೀಟ, ಗಳಿಗೆಗೊಂದು ಹೊಸತು, ಇಂಥದ್ದು ಎದುರಿಗೆ ಬಂದರೆ ಗಮನ ತಾನಾಗಿ ಹೋಗಿ ಅಂಟಿಕೊಳ್ಳುತ್ತದೆ. ಕಿತ್ತರೂ ಬರುವುದಿಲ್ಲ. ಲೆಕ್ಕದ ಪುಸ್ತಕಕ್ಕೆ ಆ ಅಂಟು ಇಲ್ಲ. ಅಲ್ಲಿಗೆ ನಾವೇ ಎಳೆದುಕೊಂಡು ಹೋಗಿ ಕಟ್ಟಬೇಕು. ಅಂದರೆ ಅಪ್ಪ ನನ್ನ ವಿರುದ್ಧ ತಂದ ಸಾಕ್ಷಿ ಯಾವುದಿತ್ತೋ, ಡಾಕ್ಟರು ಅದನ್ನೇ ಕೇಳಿ, ಆಶ್ಚರ್ಯವನ್ನೂ ಪಡದೆ, "ಹೂಂ, ಹಾಗೇ ಇರ್ತದೆ" ಅಂದರು.

2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು ಮಕ್ಕಳ ಮಿದುಳಿನ ಸ್ಕ್ಯಾನ್‌ಗಳನ್ನು ವರ್ಷಾನುಗಟ್ಟಲೆ ಹೋಲಿಸಿ ಒಂದು ವಿಷಯ ಹೇಳಿದರು. ಮಿದುಳಿನ ಹೊರಪದರದ ಅರ್ಧದಷ್ಟು ಭಾಗ ಬೆಳೆದು ಪೂರ್ತಿ ದಪ್ಪಕ್ಕೆ ಬರುವುದು ಉಳಿದ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೆ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಸುಮಾರು ಹತ್ತೂವರೆಗೆ. ಬೆಳೆಯುವ ಕ್ರಮ ಅದೇ, ಮೂರು ವರ್ಷ ತಡ. ಜಾಸ್ತಿ ತಡ ಇದ್ದದ್ದು ಈ ಹಣೆಯ ಹಿಂದಿನ ಭಾಗದಲ್ಲಿ. ಹತ್ತು ವರ್ಷದ ಹುಡುಗನಿಗೆ "ಏಳು ವರ್ಷದವನ ಹಾಗೆ ಮಾಡ್ತಿಯಲ್ಲ" ಅಂತ ಬೈಯುತ್ತೇವಲ್ಲ, ಗೊತ್ತಿಲ್ಲದೆಯೇ ಸರಿಯಾದ ಲೆಕ್ಕ ಹೇಳಿರುತ್ತೇವೆ.

ಇದನ್ನು ಗುಣದ ದೋಷ ಅಂತ ತಿಳಿದವರು ಅಪ್ಪ, ಮಾಸ್ಟ್ರು ಇಬ್ಬರೇ ಅಲ್ಲ. 1902ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ಡಾಕ್ಟರು ಸಾಲಾಗಿ ಉಪನ್ಯಾಸ ಕೊಟ್ಟರು. ಬುದ್ಧಿ ಸರಿಯಾಗಿಯೇ ಇರುವ, ಆದರೆ ತಡೆದುಕೊಳ್ಳಲಾರದ, ಗಮನ ನಿಲ್ಲದ ಮಕ್ಕಳ ಬಗ್ಗೆ. ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ "ನೈತಿಕ ಹಿಡಿತದ ದೋಷ". ಡಾಕ್ಟರೇ ನೀತಿಯ ಪ್ರಶ್ನೆ ಅಂದ ಮೇಲೆ ಅಪ್ಪ ಎಂತ ಮಾಡಿಯಾರು? ಆಮೇಲೆ 1968ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅತಿಚಟುವಟಿಕೆಯ ಹೆಸರಿನಲ್ಲಿ ಇದು ಬಂತು, 1980ರಲ್ಲಿ ಹೆಸರಿನೊಳಗೆ ಗಮನ ಎಂಬ ಶಬ್ದ ಸೇರಿತು, 1987ರಲ್ಲಿ ಈಗಿನ ಹೆಸರು. ನೀತಿಯಿಂದ ಇಲ್ಲಿಗೆ ಬರಲಿಕ್ಕೆ 85 ವರ್ಷ. ನಮ್ಮ ಮನೆಯ ಅಂಗಳಕ್ಕೆ ಇನ್ನೂ ಪೂರ್ತಿ ಬಂದಿಲ್ಲ.

ಈಗ ಉದಾಸೀನ ಒಳಗಿನಿಂದ ಹೇಗಿರುತ್ತದೆ ಹೇಳುತ್ತೇನೆ. ಒಬ್ಬರಿಗೆ ರಶೀದಿ ಪುಸ್ತಕ ಆಗಬೇಕು. ಪ್ರಿಂಟ್ ಆಗಿದೆ, ನಂಬರಿಂಗ್ ಮತ್ತು ಬೈಂಡಿಂಗ್ ಬಾಕಿ. ಎರಡು ಗಂಟೆಯ ಕೆಲಸ. ಬೆಳಗ್ಗೆ ಒಂಬತ್ತಕ್ಕೆ ಮೆಷಿನ್ ಎದುರು ಕೂತಿದ್ದೇನೆ. ಹೇಗೆ ಮಾಡಬೇಕು ಗೊತ್ತು, ಮಾಡದಿದ್ದರೆ ಏನಾಗುತ್ತದೆ ಅದೂ ಗೊತ್ತು, ಮಾಡಬೇಕು ಅಂತ ಆಸೆಯೂ ಇದೆ. ಕೈ ಏಳುವುದಿಲ್ಲ. ಚಾ ಕುಡಿದು ಬರುತ್ತೇನೆ. ಹಳೆಯ ಪ್ಲೇಟುಗಳನ್ನು ಒರೆಸಿಡುತ್ತೇನೆ, ಯಾರೂ ಕೇಳದಿದ್ದರೂ. ಹನ್ನೊಂದು ಆಯಿತು, ಒಂದು ಆಯಿತು. ಹೊಟ್ಟೆಯಲ್ಲಿ ಸಂಕಟ. ನಿಜವಾದ ಉದಾಸೀನದವನಿಗೆ ಮಧ್ಯಾಹ್ನ ಮಲಗಿದರೆ ಸುಖ ಸಿಗುತ್ತದೆ, ನಾನು ಅಂಥವರನ್ನು ನೋಡಿದ್ದೇನೆ, ಹೊಟ್ಟೆಕಿಚ್ಚೂ ಪಟ್ಟಿದ್ದೇನೆ. ನನಗೆ ಸಿಗುವುದು ಬೆವರು ಮಾತ್ರ. ಸಂಜೆ ಆರಕ್ಕೆ ಗಿರಾಕಿಯ ಫೋನ್: "ನಾಳೆ ಬೆಳಗ್ಗೆ ಏಳಕ್ಕೆ ಬೇಕೇ ಬೇಕು." ಫೋನ್ ಇಟ್ಟ ತಕ್ಷಣ ಯಾರೋ ಸ್ವಿಚ್ ಹಾಕಿದ ಹಾಗೆ. ಒಂದೂವರೆ ಗಂಟೆಯಲ್ಲಿ ಒಂದು ನಂಬರ್ ತಪ್ಪದೆ ಮುಗಿಯುತ್ತದೆ. ಬೆಳಗ್ಗೆ ಗಿರಾಕಿ ಪುಸ್ತಕ ತಿರುಗಿಸಿ ನೋಡಿ ಹೇಳುತ್ತಾರೆ, "ನೋಡಿ, ಮನಸ್ಸು ಮಾಡಿದ್ರೆ ನಿಮಗೆ ಆಗ್ತದೆ."

ಜೀವಮಾನದಲ್ಲಿ ನಾನು ಅತಿ ಹೆಚ್ಚು ಕೇಳಿದ ವಾಕ್ಯ ಇದು. ಹೊಗಳಿಕೆ ಅಂತ ಹೇಳಿದರೂ ಕೇಳುವವನಿಗೆ ಬೈಗುಳ.

ಇಲ್ಲಿಯೇ ಎಲ್ಲರೂ ಎಡವುವುದು, ನಾನೂ ಸೇರಿ. ಕಣ್ಣು ಮಂಜಾದವನು ಸೋಮವಾರ ಓದಿ ಮಂಗಳವಾರ ಓದದೆ ಇರುವುದಿಲ್ಲ. ದಿನವೂ ಅವನಿಗೆ ಕಾಣುವುದಿಲ್ಲ, ಹಾಗಾಗಿ ಅವನಿಗೆ ಕನ್ನಡಕ ಸಿಗುತ್ತದೆ. ನಮ್ಮ ಮಂಡೆ ಒಂದು ದಿನ ಓಡುತ್ತದೆ, ನಾಲ್ಕು ದಿನ ನಿಲ್ಲುತ್ತದೆ, ಹಾಗಾಗಿ ನಮಗೆ ಬುದ್ಧಿಮಾತು ಸಿಗುತ್ತದೆ. ಒಮ್ಮೆ ಮಾಡಿದವನು ಯಾವಾಗಲೂ ಮಾಡಬಲ್ಲ, ಮಾಡದಿದ್ದರೆ ಬೇಕಂತಲೇ ಅಂತ ನಾವು ನಂಬಿಬಿಟ್ಟಿದ್ದೇವೆ. ಆದರೆ ಈ ಏರುಪೇರೇ ಇದರ ಲಕ್ಷಣ. ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವೆ ಒಂದು ಸಂಕ (ಕಾಲುಸೇತುವೆ) ಇದೆ ಅಂತ ಇಟ್ಟುಕೊಳ್ಳಿ, ನಮ್ಮದು ಮಳೆಗಾಲದ ಅಡಿಕೆ ಮರದ ಸಂಕ. ಕೆಲವು ದಿನ ಓಡಿ ದಾಟುತ್ತೇವೆ.

ಸುಳ್ಳುಗಾರ ಎಂಬ ಬಿರುದಿನ ಕತೆಯೂ ಅದೇ. ಪ್ರೆಸ್ಸಿನವರ "ನಾಳೆ" ಅಂದರೆ ಊರಲ್ಲೇ ಒಂದು ತಮಾಷೆ, ನನ್ನ ವೃತ್ತಿಬಾಂಧವರು ಕ್ಷಮಿಸಬೇಕು. ಗಿರಾಕಿ ಕೇಳುತ್ತಾರೆ, ನಾನು ನಾಳೆ ಅನ್ನುತ್ತೇನೆ. ಹೇಳುವಾಗ ನಾನು ಸುಳ್ಳು ಹೇಳುತ್ತಿಲ್ಲ. ನಾಳೆಯ ಆ ನಾನು ಬೆಳಗ್ಗೆ ಆರಕ್ಕೆ ಎದ್ದು ಚಕಚಕನೆ ಮಾಡಿ ಮುಗಿಸುವ ಮನುಷ್ಯ ಅಂತ ಪೂರ್ತಿ ನಂಬಿಕೆ. ನಾಳೆ ಬಂದಾಗ ನೋಡಿದರೆ ಇವತ್ತಿನವನೇ ಬಂದಿರುತ್ತಾನೆ.

ಸಮಯದ ವಿಷಯ ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗಬೇಕು. ಇಲ್ಲಿನ ಖಾಸಗಿ ಬಸ್ಸಿನವರು ಎರಡು ನಿಮಿಷಕ್ಕೆ ಜಗಳ ಆಡುತ್ತಾರೆ, ಸ್ಟಾಪಿನಲ್ಲಿ ಗಡಿಯಾರ ನೋಡಿಕೊಂಡು ಟೈಮ್ ಬರೆಯಲಿಕ್ಕೇ ಜನ ಇರುತ್ತಾರೆ. ಬಸ್ಸಿಗೆ ಟೈಮ್ ಕೀಪರ್ ಹೊರಗೆ ನಿಂತಿರುತ್ತಾನೆ. ಹೆಚ್ಚಿನವರಿಗೆ ಅವನು ತಲೆಯೊಳಗೇ ಇರುತ್ತಾನೆ. ನನ್ನೊಳಗಿನವನು ಚಾ ಕುಡಿಯಲಿಕ್ಕೆ ಹೋದವನು ವಾಪಸ್ ಬಂದಿಲ್ಲ. ನನಗೆ ಇರುವುದು ಎರಡೇ ಸಮಯ, ಈಗ ಮತ್ತು ಈಗ ಅಲ್ಲ. ಆವತ್ತು ಬೊಜ್ಜಕ್ಕೆ ಮುಲ್ಕಿಗೆ ಹೋಗಬೇಕಿತ್ತು. ಮುಕ್ಕಾಲು ಗಂಟೆ ಸಾಕು ಅಂತ ಲೆಕ್ಕ ಹಾಕಿದೆ. ಬಸ್ಸು ಓಡುವುದು ಮಾತ್ರ ಲೆಕ್ಕಕ್ಕೆ ಬಂತು. ಅಂಗಿಗೆ ಇಸ್ತ್ರಿ ಹಾಕುವುದು, ಬೀಗದ ಕೈ ಹುಡುಕುವುದು, ಸ್ಟಾಪಿಗೆ ನಡೆಯುವುದು, ಕೂಳೂರಿನಲ್ಲಿ ಬ್ಲಾಕ್ ಆಗುವುದು, ಇಳಿದ ಮೇಲೆ ರಿಕ್ಷಾ, ಇದ್ಯಾವುದೂ ಬರಲಿಲ್ಲ. ಎಷ್ಟೋ ವರ್ಷದಿಂದ ಹೀಗೇ, ಆದರೂ ಪ್ರತಿ ಸಲ ಹೊಸದಾಗಿ ಮರೆಯುತ್ತೇನೆ. ಅಲ್ಲಿ ಕೂತವರಿಗೆ ಕಂಡದ್ದು ಬೇರೆ. "ಸತ್ತವರ ಮನೆಗೂ ಟೈಮಿಗೆ ಬರ್ಲಿಕ್ಕೆ ಆಗುದಿಲ್ಲ, ಎಷ್ಟು ಸೊಕ್ಕು." ಸತ್ತವರ ಮೇಲೆ ನನಗೆ ಭಾರಿ ಪ್ರೀತಿ ಇತ್ತು. ಅದನ್ನು ಅಲ್ಲಿ ಹೇಗೆ ತೋರಿಸುವುದು?

ಅಧಿಕಪ್ರಸಂಗ. ಇನ್ನೊಬ್ಬರ ಮಾತು ಮುಗಿಯುವ ಮೊದಲು ಬಾಯಿ ಹಾಕುವುದು. ತಲೆಯಲ್ಲಿ ವಿಷಯವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ ಜಾಗ ನಮಗೆ ಸಣ್ಣದು. ಈಗ ಹೇಳದಿದ್ದರೆ ಅರ್ಧ ನಿಮಿಷದಲ್ಲಿ ಹೋಯಿತು. ತಡೆಯುವ ಬ್ರೇಕೂ ಸಡಿಲ. ನಿಮ್ಮ ಮಾತಿಗೆ ಬೆಲೆ ಇಲ್ಲ ಅಂತಲ್ಲ, ನಿಮ್ಮ ಮಾತು ಕೇಳಿಯೇ ಅದು ಹುಟ್ಟಿದ್ದು. ಆದರೆ ಎದುರಿನವರಿಗೆ ಅವಮಾನ ಆಗುವುದು ಆಗಿಯೇ ಆಗುತ್ತದೆ, ಅದನ್ನೂ ಒಪ್ಪಿಕೊಳ್ಳಬೇಕು. ಸಿಟ್ಟೂ ಹಾಗೇ, ಕುಕ್ಕರಿನ ಸೀಟಿಯ ಹಾಗೆ ಬಂದು ಹೋಗುತ್ತದೆ. ನನಗೆ ಇಳಿದಿರುತ್ತದೆ, ಬೈಸಿಕೊಂಡವರಿಗೆ ಇಳಿದಿರುವುದಿಲ್ಲ. ಈ ಸಿಟ್ಟು, ಸಣ್ಣ ಮಾತಿಗೆ ಮೂರು ದಿನ ನೋಯುವುದು, ಇವು ರೋಗಲಕ್ಷಣದ ಮುಖ್ಯ ಪಟ್ಟಿಯಲ್ಲಿ ಇಲ್ಲ. ಆದರೆ ಇಂಥವರನ್ನು ನೋಡುವ ಡಾಕ್ಟರರಿಗೆ ಚೆನ್ನಾಗಿ ಗೊತ್ತಿರುವ ವಿಷಯ.

ನನ್ನ ಅಕ್ಕನ ವಿಷಯ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ನಾನು ಹುಡುಗ, ಓಡುತ್ತಿದ್ದೆ, ಬೆಂಚು ಹತ್ತುತ್ತಿದ್ದೆ, ಹಾಗಾಗಿ ನಾಲ್ಕು ಜನರ ಕಣ್ಣಿಗೆ ಬಿದ್ದೆ. ಅಕ್ಕ ಓಡುತ್ತಿರಲಿಲ್ಲ. ಸುಮ್ನೆ ಕೂತಿರುತ್ತಿದ್ದಳು, ಕಿಟಕಿ ನೋಡಿಕೊಂಡು. ಅಮ್ಮ ಬೀಡಿ ಕಟ್ಟುತ್ತಾ ಕುಚ್ಚಲಕ್ಕಿ ಬೇಯಿಸಲಿಕ್ಕೆ ಅವಳಿಗೆ ಹೇಳಿದರೆ, ಒಲೆಗೆ ಕಟ್ಟಿಗೆ ಹಾಕಲು ಹೋದವಳು ಕಟ್ಟಿಗೆಯ ಹತ್ತಿರ ಬಿದ್ದಿದ್ದ ಹಳೆ ಪೇಪರ್ ಓದುತ್ತಾ ನಿಲ್ಲುತ್ತಿದ್ದಳು, ಗಂಜಿ ತಳ ಹಿಡಿದ ವಾಸನೆ ಬೀದಿಗೆ ಬರುತ್ತಿತ್ತು. ನನಗೆ ಪೆಟ್ಟು ಬೀಳುತ್ತಿತ್ತು, ಆಮೇಲೆ "ಗಂಡು ಮಕ್ಕಳೇ ಹಾಗೆ" ಅಂತ ಮಾಫಿಯೂ ಸಿಗುತ್ತಿತ್ತು. ಅವಳಿಗೆ ಸಿಕ್ಕಿದ್ದು "ನೀನು ಗಂಡನ ಮನೆಯಲ್ಲಿ ಹೇಗೆ ಬಾಳ್ತಿ" ಎಂಬ ಮಾತು. ಅದು ಮದುವೆಯಾದ ಮೇಲೂ ಬೆನ್ನು ಬಿಡಲಿಲ್ಲ. ಉಕ್ಕಿದ ಹಾಲು, ಮರೆತ ಗ್ಯಾಸ್ ಬುಕಿಂಗ್, ಮಗುವಿನ ಯೂನಿಫಾರ್ಮ್ ಒಗೆಯದೆ ಇದ್ದದ್ದು. ಗಂಡಸು ಮರೆತರೆ ಅವನಿಗೆ ತಲೆತುಂಬ ಕೆಲಸ, ಹೆಂಗಸು ಮರೆತರೆ ಅವಳಿಗೆ ಮನೆಯ ಮೇಲೆ ಪ್ರೀತಿ ಇಲ್ಲ. ಅಕ್ಕನಿಗೆ ಎಡಿಎಚ್‌ಡಿ ಇದೆ ಅಂತ ನಾನು ಹೇಳುವ ಹಾಗಿಲ್ಲ, ಅವಳು ಯಾವ ಡಾಕ್ಟರ ಹತ್ತಿರವೂ ಹೋಗಿಲ್ಲ, "ಈ ವಯಸ್ಸಿಗೆ ಇನ್ನೆಂತ ಮಾರಾಯ" ಅನ್ನುತ್ತಾಳೆ. ಓಡಾಟ ಇಲ್ಲದೆ ಗಮನದ ತೊಂದರೆ ಮಾತ್ರ ಇರುವ ಬಗೆ ಒಂದು ಇದೆ, ಹುಡುಗಿಯರಲ್ಲಿ ಅದು ಯಾರಿಗೂ ಕಾಣದೆ ಹೋಗುತ್ತದೆ, ಅಷ್ಟು ಹೇಳಬಲ್ಲೆ.

(ಇಲ್ಲಿ ಮುಂದಿನ ಸಾಲಿನ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಮುಂದೆ ಹೇಳಬೇಕಾದದ್ದನ್ನು ಮರೆತೆ. ರೆಕಾರ್ಡಿಂಗ್‌ನಲ್ಲಿ ಹತ್ತು ಸೆಕೆಂಡ್ ಸದ್ದಿಲ್ಲ.)

ಈಗ ನಿಮ್ಮಲ್ಲಿ ಅರ್ಧ ಜನ "ಇದೆಲ್ಲ ನನಗೂ ಉಂಟಲ್ಲ" ಅಂದುಕೊಂಡಿರಬಹುದು. ಉಂಟು. ಎಲ್ಲರೂ ಬೀಗದ ಕೈ ಮರೆಯುತ್ತಾರೆ. 2013ರ ಡಿಎಸ್‌ಎಂ-5 ಎಂಬ, ಅದೇ ಅಮೆರಿಕದ ಕೈಪಿಡಿಯ ಪ್ರಕಾರ ಗಮನಕ್ಕೆ ಸೇರಿದ ಒಂಬತ್ತು ಲಕ್ಷಣ, ಚಟುವಟಿಕೆ ಮತ್ತು ದುಡುಕಿಗೆ ಸೇರಿದ ಒಂಬತ್ತು ಲಕ್ಷಣ. ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನ ಆರು ಇರಬೇಕು, 17 ತುಂಬಿದವರಲ್ಲಿ ಐದು. ಆರು ತಿಂಗಳಾದರೂ ಇರಬೇಕು. ಹನ್ನೆರಡು ವರ್ಷಕ್ಕಿಂತ ಮೊದಲೇ ಕೆಲವು ಕಂಡಿರಬೇಕು. ಮನೆಯಲ್ಲಿ ಮಾತ್ರ ಅಥವಾ ಆಫೀಸಿನಲ್ಲಿ ಮಾತ್ರ ಇದ್ದರೆ ಸಾಲದು. ಎಲ್ಲಕ್ಕಿಂತ ಮುಖ್ಯ, ಬದುಕಿಗೆ ಪೆಟ್ಟು ಬೀಳುತ್ತಿರಬೇಕು. ಹೀಗೆ ಲೆಕ್ಕ ಹಾಕಿದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು ಐದು, ದೊಡ್ಡವರಲ್ಲಿ ಸುಮಾರು ಎರಡೂವರೆ. ಥೈರಾಯ್ಡ್ ಇದ್ದರೂ ಹೀಗಾಗುತ್ತದೆ, ರಾತ್ರಿ ಗೊರಕೆಯಿಂದ ನಿದ್ದೆ ಕೆಟ್ಟರೂ ಆಗುತ್ತದೆ, ಆತಂಕ, ಖಿನ್ನತೆ ಇದ್ದರೂ ಆಗುತ್ತದೆ. ಕಿವಿ ಸರಿ ಕೇಳದ ಮಗುವೂ ಕ್ಲಾಸಿನಲ್ಲಿ ಗಮನ ಕೊಡುವುದಿಲ್ಲ. ಇದನ್ನೆಲ್ಲ ಬೇರ್ಪಡಿಸಲಿಕ್ಕೆ ಡಾಕ್ಟರೇ ಬೇಕು. ನನ್ನ ಡಾಕ್ಟರು ರಕ್ತಪರೀಕ್ಷೆ ಮಾಡಿಸಿದರು, ನಿದ್ದೆಯ ಬಗ್ಗೆ ಕೇಳಿದರು, ಆ ಏಳನೇ ಕ್ಲಾಸಿನ ಪ್ರಗತಿಪತ್ರ ತರಿಸಿ ನೋಡಿದರು. ಉದಾಸೀನ ಜಾಸ್ತಿ ಎಂಬ ಆ ಸಾಲು ಅಂತೂ ಒಂದು ಉಪಯೋಗಕ್ಕೆ ಬಂತು. ಮೂವತ್ತು ಸೆಕೆಂಡಿನ ರೀಲ್ ನೋಡಿ ತೀರ್ಮಾನ ಮಾಡಬೇಡಿ. ಅಷ್ಟು ಹೊತ್ತು ಪೂರ್ತಿ ನೋಡಿದಿರಿ ಅಂದರೆ... ಇರಲಿ, ತಮಾಷೆ.

ಇನ್ನೊಂದು, ಹೇಳಲು ನಾಚಿಕೆಯಾಗುವ ವಿಷಯ. ಹೆಸರು ಸಿಕ್ಕಿದ ಹೊಸತರಲ್ಲಿ ನಾನು ಅದನ್ನು ಪಾಸ್ ತೋರಿಸಿದ ಹಾಗೆ ತೋರಿಸುತ್ತಿದ್ದೆ. ಒಂದು ಮದುವೆ ಕಾಗದದಲ್ಲಿ 14 ಅಂತ ಇರಬೇಕಾದ ತಾರೀಕು 15 ಆಯಿತು. 600 ಕಾಗದ. ಹುಡುಗಿಯ ತಂದೆ ಪ್ರೆಸ್ಸಿಗೆ ಬಂದು ಮಾತೇ ಆಡದೆ ಕುರ್ಚಿಯಲ್ಲಿ ಕೂತರು. ರಾತ್ರಿ ಮನೆಗೆ ಹೋಗಿ, ಇದು ನನ್ನ ತಪ್ಪಲ್ಲ, ನನ್ನ ಮಿದುಳೇ ಹಾಗೆ ಅಂದೆ. ಹೆಂಡತಿ ಮೀನು ತೊಳೆಯುತ್ತಿದ್ದವಳು ತಿರುಗಿಯೂ ನೋಡಲಿಲ್ಲ. "ಕಾರಣ ಗೊತ್ತಾಯ್ತು. ಪೇಪರಿನ ದುಡ್ಡು ಕಾರಣ ಕೊಡ್ತದಾ?" ಮರುದಿನ ಪುನಃ ಪ್ರಿಂಟ್ ಮಾಡಿ ನಾನೇ ಮನೆಗೆ ಒಯ್ದು ಕೊಟ್ಟು ಬಂದೆ. ಈಗ ನಮ್ಮಲ್ಲಿ ತಾರೀಕು, ವಾರ, ಮುಹೂರ್ತ ಮೂರನ್ನೂ ಪ್ರೆಸ್ಸಿನ ಹುಡುಗಿ ಗಟ್ಟಿಯಾಗಿ ಓದುತ್ತಾಳೆ, ನಾನು ಕ್ಯಾಲೆಂಡರ್ ಹಿಡಿದು ಹೂಂ ಅನ್ನುತ್ತೇನೆ. ಅದಾಗದೆ ಪ್ಲೇಟ್ ಹಾಕುವುದಿಲ್ಲ. ಬೇರೆಯವರ ತಪ್ಪನ್ನು ನಾನು ದೂರದಿಂದಲೇ ಹಿಡಿಯುತ್ತೇನೆ, ನನ್ನದು ಕಾಣುವುದಿಲ್ಲ. ಅದಕ್ಕೆ ಇನ್ನೊಬ್ಬರ ಕಣ್ಣು ಬೇಕು.

ಗುಳಿಗೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರ ಕತೆ ಶುರುವಾದದ್ದು ಆಕಸ್ಮಿಕವಾಗಿ. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ಡಾಕ್ಟರು ಮಕ್ಕಳ ತಲೆನೋವಿಗೆ ಅಂತ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧ ಕೊಟ್ಟರು. ತಲೆನೋವು ಅಷ್ಟಾಗಿ ಹೋಗಲಿಲ್ಲ, ಕೆಲವು ಮಕ್ಕಳು ಕೂತು ಪಾಠ ಮಾಡತೊಡಗಿದರು. ಮಕ್ಕಳೇ ಅದಕ್ಕೆ ಲೆಕ್ಕದ ಗುಳಿಗೆ ಅಂತ ಹೆಸರಿಟ್ಟರಂತೆ. ಈಗ ಜಾಸ್ತಿ ಬಳಸುವ ಮೀಥೈಲ್‌ಫೆನಿಡೇಟನ್ನು 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಲಿಯಾಂಡ್ರೊ ಪಾನಿಜ್ಜೋನ್ ಎಂಬ ರಸಾಯನಶಾಸ್ತ್ರಜ್ಞ ತಯಾರಿಸಿದರು. ಅವರ ಹೆಂಡತಿಯ ಹೆಸರು ಮಾರ್ಗರೀಟ್, ಕರೆಯುತ್ತಿದ್ದದ್ದು ರೀಟಾ. ಅದರಿಂದ ಬಂದದ್ದು ರಿಟಾಲಿನ್, ಈ ಗುಳಿಗೆಯ ಮಾರುಕಟ್ಟೆಯ ಹೆಸರು. ನಮ್ಮಲ್ಲಿ ಡಾಕ್ಟರ ಚೀಟಿ ಇಲ್ಲದೆ ಇದು ಸಿಗುವುದಿಲ್ಲ, ಸಿಗಲೂಬಾರದು. ಹಸಿವು ಕಡಿಮೆಯಾಗುತ್ತದೆ, ನಿದ್ದೆ ಕೆಡಬಹುದು, ಬಿಪಿ ನೋಡಿಸುತ್ತಿರಬೇಕು. ಬೇರೆ ಬಗೆಯ ಗುಳಿಗೆಗಳೂ ಇವೆ. ಗುಳಿಗೆ ಬೇಡ ಅನ್ನುವವರೂ ಇದ್ದಾರೆ, ಅದು ಅವರ ಮತ್ತು ಡಾಕ್ಟರ ನಡುವಿನ ಮಾತು.

ನನ್ನ ಮೊದಲ ದಿನ ಹೇಳುತ್ತೇನೆ. ಬೆಳಗ್ಗೆ ಗುಳಿಗೆ ತಿಂದು ಪ್ರೆಸ್ಸಿಗೆ ಹೋದೆ. ಅರ್ಧ ಗಂಟೆ ಬಿಟ್ಟು ತಲೆಯಲ್ಲಿ ಏನೋ ನಿಂತಿತು. ಜೋರು ಮಳೆ ಶೀಟಿನ ಮೇಲೆ ಬೀಳುತ್ತಾ ಇದ್ದು ಒಮ್ಮೆಗೇ ನಿಂತರೆ ಹೇಗೆ, ಹಾಗೆ. ಎಲ್ಲರಿಗೂ ದಿನಾ ಹೀಗೇ ಇರುತ್ತದಾ ಅಂತ ಸ್ವಲ್ಪ ಅಳು ಬಂತು. ಆಮೇಲೆ ಪೂರ್ತಿ ಏಕಾಗ್ರತೆಯಿಂದ ಮೂರು ಗಂಟೆ ಪೇಪರ್ ರ‍್ಯಾಕ್ ಜೋಡಿಸಿದೆ. ಬಣ್ಣದ ಪ್ರಕಾರ. ಆವತ್ತು ಕೊಡಬೇಕಾದ ಕೆಲಸ ಹಾಗೇ ಇತ್ತು. ಗುಳಿಗೆ ಹಗ್ಗ ಕೊಡುತ್ತದೆ, ಯಾವ ಮರಕ್ಕೆ ಕಟ್ಟಬೇಕು ಅಂತ ಅದು ಹೇಳುವುದಿಲ್ಲ. ಅದಕ್ಕೆ ನನಗೆ ಗೋಡೆಯ ಮೇಲೆ ದೊಡ್ಡ ಗಡಿಯಾರ, ಎದುರಿಗೆ ಒಂದೇ ಒಂದು ಚೀಟಿ, ಪಕ್ಕದಲ್ಲಿ ಸುಮ್ನೆ ಕೂತಿರುವ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಸಹಾಯ ಮಾಡಬೇಕಾಗಿಲ್ಲ, ತನ್ನ ಕೆಲಸ ಮಾಡಿಕೊಂಡು ಕೂತರೆ ಸಾಕು. ಯಾಕೆ ಅಂತ ಕೇಳಬೇಡಿ, ನನಗೆ ಕೆಲಸ ಆಗುತ್ತದೆ.

ಅಪ್ಪನ ಮಾತಿಗೆ ವಾಪಸ್ ಬರುತ್ತೇನೆ. ಇದು ವಂಶದಲ್ಲಿ ಬರುವಂಥದ್ದು. ಅವಳಿ ಮಕ್ಕಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರೆ, ಒಬ್ಬರಲ್ಲಿ ಇದ್ದು ಇನ್ನೊಬ್ಬರಲ್ಲಿ ಇಲ್ಲದಿರುವ ವ್ಯತ್ಯಾಸಕ್ಕೆ ನೂರಕ್ಕೆ ಸುಮಾರು 74ರಷ್ಟು ಕಾರಣ ವಂಶವಾಹಿಗಳು. ತಂದೆತಾಯಿಗೆ ಇದ್ದರೆ ನೂರರಲ್ಲಿ 74 ಮಕ್ಕಳಿಗೆ ಬರುತ್ತದೆ ಅಂತ ಇದರ ಅರ್ಥ ಅಲ್ಲ, ಆ ತಪ್ಪು ನಾನೂ ಮೊದಲು ಮಾಡಿದ್ದೆ. ಅಪ್ಪ ಕೋಳಿ ಸಾಕಿದರು, ಬಿಟ್ಟರು. ಅಣಬೆ ಮಾಡಿದರು, ಬಿಟ್ಟರು. ಸೋಡಾ ಫ್ಯಾಕ್ಟರಿಯ ಮೆಷಿನ್ ಹಿತ್ತಲಲ್ಲಿ ತುಕ್ಕು ಹಿಡಿಯಿತು. ಅವರು ತೀರಿಕೊಂಡ ಮೇಲೆ ಕಪಾಟು ಖಾಲಿ ಮಾಡುವಾಗ ಡೈರಿಗಳು ಸಿಕ್ಕವು, ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಡುತ್ತಿದ್ದವು. ಹದಿನೇಳು. ಎಲ್ಲದರಲ್ಲೂ ಜನವರಿ 1ಕ್ಕೆ ಒಂದೇ ಸಾಲು, ಚಂದದ ಅಕ್ಷರದಲ್ಲಿ: ಇಂದಿನಿಂದ ಲೆಕ್ಕ ಸರಿಯಾಗಿ ಬರೆಯುವುದು. ಒಂದೂ ಜನವರಿ 20 ದಾಟಿಲ್ಲ. ಅಪ್ಪನಿಗೆ ಏನಿತ್ತು ಅಂತ ಹೇಳಲು ನಾನು ಯಾರು? ಆದರೆ ಆ ಸಿಟ್ಟು ಅಷ್ಟು ಜೋರಾಗಿ ನನ್ನ ಮೇಲೆಯೇ ಯಾಕೆ ಬರುತ್ತಿತ್ತು ಎಂಬುದರ ಬಗ್ಗೆ ಆ ದಿನ ಸ್ವಲ್ಪ ಹೊತ್ತು ನೆಲದಲ್ಲೇ ಕೂತು ಯೋಚನೆ ಮಾಡಿದೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎಲ್ಲ ಬರೆಯುವುದಿಲ್ಲ.

ಒಬ್ಬರು ಮೊಬೈಲಿನಿಂದ ಬರುವುದಾ ಅಂದರು. ಜಾರ್ಜ್ ಸ್ಟಿಲ್ ನೋಡಿದ ಮಕ್ಕಳ ಹತ್ತಿರ ಮೊಬೈಲ್ ಇರಲಿಲ್ಲ. ಇದ್ದ ತೊಂದರೆಯನ್ನು ಮೊಬೈಲ್ ಜಾಸ್ತಿ ಮಾಡಬಹುದು, ನನಗಂತೂ ಮಾಡುತ್ತದೆ. ಸಿಹಿ ತಿಂದರೆ ಮಕ್ಕಳು ಕುಣಿಯುತ್ತಾರೆ ಎಂಬುದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ, ಹಾಗೇನೂ ಕಾಣಲಿಲ್ಲ.

ನಿವೃತ್ತ ಟೀಚರೊಬ್ಬರು ಎದ್ದು, "ಹಾಗಾದ್ರೆ ಮಕ್ಕಳಿಗೆ ಬೈಲಿಕ್ಕೇ ಇಲ್ವಾ ಸರ್?" ಅಂತ ಕೇಳಿದರು. ಕೇಳಿದ ರೀತಿಯಲ್ಲಿ ಸ್ವಲ್ಪ ಸಿಟ್ಟಿತ್ತು, ಸ್ವಲ್ಪ ಬೇರೆಯೂ ಏನೋ ಇತ್ತು. ಬೈಯಿರಿ, ಮಾಡಿದ ಕೆಲಸಕ್ಕೆ ಬೈಯಿರಿ ಅಂದೆ. "ಯಾಕೆ ಮಾಡ್ಲಿಲ್ಲ" ಅಂತ ಮಾತ್ರ ಕೇಳಬೇಡಿ. ಯಾಕೆ ಅಂತ ಮಗುವಿಗೂ ಗೊತ್ತಿಲ್ಲ, ನೀವು ಕೇಳಿದಿರಿ ಅಂತ ಅದು ಒಂದು ಕಾರಣ ಕಟ್ಟಲೇಬೇಕು, ಆಮೇಲೆ ಸುಳ್ಳು ಹೇಳಿತು ಅಂತ ಇನ್ನೊಂದು ಪೆಟ್ಟು. "ಎಲ್ಲಿ ನಿಂತಿತು" ಅಂತ ಕೇಳಿ ನೋಡಿ. ಪುಸ್ತಕ ತೆಗೆದ ಮೇಲೆ ನಿಂತಿತಾ, ತೆಗೆಯುವ ಮೊದಲೇ ನಿಂತಿತಾ? ಅದಕ್ಕೆ ಮಗು ಉತ್ತರ ಹೇಳುತ್ತದೆ. ಅವರು ತುಂಬ ಹೊತ್ತು ನಿಂತೇ ಇದ್ದರು. ಆಮೇಲೆ, "ಒಬ್ಬ ಹುಡುಗ ಇದ್ದ" ಅಂತ ಶುರು ಮಾಡಿ, ಬೇಡ ಅಂತ ಕೂತರು.

ಒಬ್ಬ ಹುಡುಗ ಮನೋವೈದ್ಯರ ಹತ್ತಿರ ಹೋಗುವುದು ಮನೆಯವರಿಗೆ ಗೊತ್ತಾದರೆ ಕಷ್ಟ ಅಂದ. ಮೊದಲು ಫೋನಿನಲ್ಲಿ ಮಾತಾಡಬೇಕು ಅಂತಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲಿ ಮಾತಾಡಬಹುದು. ಫೋನಿನಲ್ಲೇ ಎಡಿಎಚ್‌ಡಿ ಅಂತ ತೀರ್ಮಾನ ಸಿಗುತ್ತದೆ ಅಂದುಕೊಳ್ಳಬೇಡಿ, ಮುಂದೆ ಯಾರನ್ನು ಕಾಣಬೇಕು ಅಂತ ದಾರಿ ಸಿಗುತ್ತದೆ.

ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದಾಗ ಮುಂದಿನ ಸಾಲಿನ ಆ ಇಬ್ಬರಲ್ಲಿ ಒಬ್ಬರು ಬಂದರು. ಮಂಗಳೂರಿನಲ್ಲಿ ತಂಗಿಯ ಮನೆಯ ಒಕ್ಕಲಂತೆ (ಗೃಹಪ್ರವೇಶ), 150 ಕಾಗದ ಆಗಬೇಕು. "ಮ್ಯಾಟರ್ ವಾಟ್ಸಾಪ್ ಮಾಡಿದ್ರೆ ನಾಳೆ ಕೊಡ್ತೀರಾ?" ಅಂದರು. ನಗು ತಡೆದುಕೊಂಡು ಕೇಳಿದ್ದು ಅಂತ ಗೊತ್ತಾಗುತ್ತಿತ್ತು. ನಾಳೆ ಅಂತ ನಾಲಗೆಯ ತುದಿಗೆ ಬಂದಿತ್ತು. ಶುಕ್ರವಾರ ಸಂಜೆ ಅಂದೆ. ಒಂದು ಚೀಟಿಯಲ್ಲಿ ಶುಕ್ರವಾರ ಅಂತ ಬರೆದು, ಕೆಳಗೆ ಪ್ರೆಸ್ಸಿನ ಹುಡುಗಿಯ ನಂಬರನ್ನೂ ಬರೆದು ಕೊಟ್ಟೆ. ಅವರು ಚೀಟಿ ಓದಿ, "ನಿಮ್ಮ ನಂಬರ್?" ಅಂದರು.

"ಅದು ಬೇಡ. ಅವಳಿಗೇ ಮಾಡಿ."